ಸ್ವಾರಸ್ಯಕ್ಕೆ ಎಷ್ಟು ಅಂಕ?

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡುವುದು ಮೇಲು. ನಾವು ಸಾಹಿತ್ಯದ ವಿದ್ಯಾರ್ಥಿಗಳಲ್ಲ. ರಸಾಯನಶಾಸ್ತ್ರವನ್ನು ಮುಖ್ಯವಾಗಿ ಓದಿ ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರಕಾರದ ಪರೀಕ್ಷೆ ಬರೆದು ದೆಹಲಿಗೆ ಬಂದವರು. ಹಗಲೆಲ್ಲ ಕಡತಗಳ ಮೇಲೆ ಟಿಪ್ಪಣಿ ಬರೆಯುವುದೇ ನಮ್ಮ ಸಾಹಿತ್ಯ ಸೇವೆ. ಆದರೂ ಈ ಪತ್ರಿಕೆಯಲ್ಲಿ ಆಗಾಗ ಪುಸ್ತಕ ಪರಿಚಯ ಬರೆದಿದ್ದೇವೆ, ರಾಜ್ಯೋತ್ಸವದ ವೇದಿಕೆಯಲ್ಲಿ ಬೇಂದ್ರೆಯವರ ಮೇಲೆ ಮಾತಾಡಿದ್ದೇವೆ. ಓದುಗ ಬಂಧುಗಳು ಸಹಿಸಿಕೊಂಡಿದ್ದಾರೆ. ಆ ಸಹನೆಯ ಬಲದ ಮೇಲೆಯೇ ಈ ಬರೆಹ.

ಕಳೆದ ಬೇಸಗೆಯಲ್ಲಿ, ಅಂದರೆ ೨೦೨೫ರ ಜೂನಿನಲ್ಲಿ, ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗಳು ಮೂರು ವಾರ ನಮ್ಮ ಸರಕಾರಿ ಕ್ವಾರ್ಟರ್ಸಿನಲ್ಲಿ ಉಳಿದಿದ್ದಳು. ಅಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಮುಗಿಸಿದ ಹುಡುಗಿ. ನಮ್ಮ ಮಗ ಇಲ್ಲಿ ಹನ್ನೆರಡನೆಯ ತರಗತಿಯಲ್ಲಿದ್ದಾನೆ. ಹೊರಗೆ ಕಾಲಿಡಲಾಗದ ಬಿಸಿಲು. ಕೂಲರಿನ ಮುಂದೆ ಕುಳಿತು ಇಬ್ಬರೂ ತಮ್ಮ ತಮ್ಮ ಇಂಗ್ಲಿಷ್ ಪಾಠದ ಸಂಗತಿ ಮಾತಾಡಿಕೊಳ್ಳುತ್ತಿದ್ದರು. ನಾವು ಪತ್ರಿಕೆ ಓದುವ ನೆಪದಲ್ಲಿ ಕಿವಿಗೊಟ್ಟೆವು.

ಅವಳು ಓದಿದ್ದು 'ಎ.ಪಿ. ಇಂಗ್ಲಿಷ್ ಲಿಟರೇಚರ್ ಅಂಡ್ ಕಾಂಪೊಸಿಷನ್' ಎಂಬ ತರಗತಿ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಮಟ್ಟದ ಪಾಠ ಓದಿಸುವ ಈ ಏರ್ಪಾಟು ಅಮೆರಿಕದಲ್ಲಿ ೧೯೫೦ರ ದಶಕದಿಂದ ನಡೆದುಬಂದಿದೆ. ನಡೆಸುವವರು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಮೇ ತಿಂಗಳಲ್ಲಿ ಮೂರು ಗಂಟೆಯ ಪರೀಕ್ಷೆ. ಮೊದಲ ಒಂದು ಗಂಟೆ ಆಯ್ಕೆಯ ಪ್ರಶ್ನೆಗಳು, ಐವತ್ತೈದು. ಉಳಿದ ಎರಡು ಗಂಟೆಯಲ್ಲಿ ಮೂರು ಪ್ರಬಂಧ. ಒಂದು ಪ್ರಬಂಧ ಪದ್ಯದ ಮೇಲೆ, ಇನ್ನೊಂದು ಕತೆ ಕಾದಂಬರಿಯ ಒಂದು ತುಣುಕಿನ ಮೇಲೆ. ಈ ಎರಡನ್ನೂ ಪರೀಕ್ಷೆಯ ದಿನವೇ ಕೈಗೆ ಕೊಡುತ್ತಾರೆ. ಮೊದಲೇ ಓದಿರಬೇಕೆಂಬ ನಿಯಮವಿಲ್ಲ. ಮೂರನೆಯದಕ್ಕೆ ಒಂದು ವಿಷಯ ಕೊಟ್ಟು, ತಾನು ಓದಿದ ಯಾವುದಾದರೂ ಒಳ್ಳೆಯ ಕಾದಂಬರಿಯನ್ನೋ ನಾಟಕವನ್ನೋ ಹಿಡಿದು ವಾದ ಕಟ್ಟು ಎನ್ನುತ್ತಾರೆ. ೨೦೨೫ರಿಂದ ಇದೆಲ್ಲವೂ ಕಂಪ್ಯೂಟರಿನ ಮೇಲೆ ನಡೆಯುತ್ತಿದೆಯಂತೆ. ಅದು ನಮಗೆ ಮುಖ್ಯವಲ್ಲ.

ನಮ್ಮನ್ನು ಕುರ್ಚಿಯಿಂದ ಮುಂದಕ್ಕೆ ಬಗ್ಗಿಸಿದ್ದು ಅಂಕ ಹಂಚುವ ಕ್ರಮ. ಒಂದೊಂದು ಪ್ರಬಂಧಕ್ಕೂ ಆರೇ ಅಂಕ. ಸ್ಪಷ್ಟವಾದ ಒಂದು ಪ್ರತಿಪಾದನೆ ಇದ್ದರೆ ಒಂದು. ಅದಕ್ಕೆ ಕೃತಿಯೊಳಗಿಂದಲೇ ಸಾಕ್ಷ್ಯ ತೋರಿಸಿ, ಆ ಸಾಕ್ಷ್ಯ ಹೇಗೆ ಪ್ರತಿಪಾದನೆಯನ್ನು ಎತ್ತಿಹಿಡಿಯುತ್ತದೆ ಎಂದು ಬಿಡಿಸಿ ಹೇಳಿದ್ದಕ್ಕೆ ನಾಲ್ಕು. ಕೃತಿಯ ಒಳತೊಡಕುಗಳನ್ನು ಕಂಡು ಪ್ರೌಢವಾಗಿ ಬರೆದಿದ್ದರೆ ಉಳಿದ ಒಂದು. ಕವಿ ಎಲ್ಲಿ ಹುಟ್ಟಿದ, ಯಾವ ಪ್ರಶಸ್ತಿ ಪಡೆದ ಎಂಬುದಕ್ಕೆ ಸೊನ್ನೆ. ಕತೆಯ ಸಾರಾಂಶ ಹೇಳಿದ್ದಕ್ಕೂ ಹೆಚ್ಚುಕಡಿಮೆ ಅಷ್ಟೆ.

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ನಮ್ಮ ಹೈಸ್ಕೂಲಿನ ಕನ್ನಡ ಪ್ರಶ್ನಪತ್ರಿಕೆ. 'ಸಂದರ್ಭಸಹಿತ ವಿವರಿಸಿ' ಎಂಬ ಪ್ರಶ್ನೆ ನಮ್ಮ ಓದುಗರಲ್ಲಿ ಯಾರಿಗೆ ಗೊತ್ತಿಲ್ಲ! ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರೆಹ ಹಾಕಿ ಅಡಿಗೆರೆ ಎಳೆದರೆ ಅರ್ಧ ಅಂಕ ಬಂದಂತೆಯೇ. ಆಯ್ಕೆಯಲ್ಲಿ ಪಾಠದ ಹೆಸರು, ಕವಿಯ ಹೆಸರು. ಸಂದರ್ಭದಲ್ಲಿ ಯಾರು ಯಾರಿಗೆ ಹೇಳಿದ್ದು ಎಂಬ ಕತೆ. ಸ್ವಾರಸ್ಯಕ್ಕೆ ಬಂದಾಗ ಲೇಖನಿ ನಿಲ್ಲುತ್ತಿತ್ತು. ಆಗ ಗೈಡಿನಿಂದ ಕಲಿತ ಒಂದು ಸಿದ್ಧ ವಾಕ್ಯ ಕೈಹಿಡಿಯುತ್ತಿತ್ತು: ಕವಿಯ ವರ್ಣನೆ ಬಹಳ ಸ್ವಾರಸ್ಯಕರವಾಗಿದೆ ಎಂದು! ಸ್ವಾರಸ್ಯವೇನೆಂದರೆ ಸ್ವಾರಸ್ಯಕರವಾಗಿದೆ ಎಂಬುದು ಉತ್ತರ. ಯಾವ ಮೇಷ್ಟರೂ ಅದಕ್ಕೆ ಅಂಕ ಕಳೆದದ್ದು ನಮಗೆ ನೆನಪಿಲ್ಲ. ಅಮೆರಿಕದ ಆ ತರಗತಿ ಆರರಲ್ಲಿ ನಾಲ್ಕು ಅಂಕವನ್ನು ಇಟ್ಟಿರುವುದು ಈ ಸ್ವಾರಸ್ಯಕ್ಕೇ. ನಮ್ಮ ಹಿರಿಯರು ಪ್ರಶ್ನೆಯನ್ನು ಸರಿಯಾಗಿಯೇ ಇಟ್ಟಿದ್ದರು. ನಾವೇ ಉತ್ತರವನ್ನು ಕಾಟಾಚಾರ ಮಾಡಿಕೊಂಡೆವು.

ನಮ್ಮ ಮಗನ ಪಾಡೂ ಬೇರೆಯಲ್ಲ. ಅವನದು ಸಿ.ಬಿ.ಎಸ್.ಇ.; ಎನ್.ಸಿ.ಇ.ಆರ್.ಟಿ.ಯವರ 'ಫ್ಲೆಮಿಂಗೋ' ಎಂಬ ಪುಸ್ತಕ. ಅದರ ಮೊದಲ ಪಾಠ ಫ್ರೆಂಚ್ ಲೇಖಕ ಆಲ್ಫೋನ್ಸ್ ದೋದೆ ಬರೆದ 'ಕೊನೆಯ ಪಾಠ' ಎಂಬ ಕತೆ. ಓದುಗರ ಮನೆಗಳಲ್ಲಿ ಹನ್ನೆರಡನೆಯ ತರಗತಿ ದಾಟಿದ ಮಕ್ಕಳಿದ್ದರೆ ಅವರೂ ಇದನ್ನು ಓದಿರುತ್ತಾರೆ. ೧೮೭೦-೭೧ರ ಯುದ್ಧದಲ್ಲಿ ಪ್ರಶ್ಯನ್ನರು ಫ್ರಾನ್ಸನ್ನು ಸೋಲಿಸಿ ಅಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಕಿತ್ತುಕೊಂಡರು. ಇನ್ನು ಶಾಲೆಗಳಲ್ಲಿ ಜರ್ಮನ್ ಮಾತ್ರ ಕಲಿಸಬೇಕೆಂದು ಬರ್ಲಿನ್‌ನಿಂದ ಅಪ್ಪಣೆ ಬಂದಿದೆ. ಹಳ್ಳಿಯ ಮೇಷ್ಟರು ಹಾಮೆಲ್ ತಮ್ಮ ಕೊನೆಯ ಫ್ರೆಂಚ್ ಪಾಠವನ್ನು ಮಾಡುತ್ತಿದ್ದಾರೆ. ಪಾಠ ಕಲಿಯದೆ ಅಲೆದ ಫ್ರಾಂಟ್ಸ್ ಎಂಬ ಹುಡುಗ ಕತೆ ಹೇಳುತ್ತಾನೆ. ಹಿಂದಿನ ಬೆಂಚುಗಳಲ್ಲಿ ಊರ ಹಿರಿಯರು ಬಂದು ಕುಳಿತಿದ್ದಾರೆ. ಮುದುಕ ಹೌಸರ್ ಕಾಗುಣಿತದ ಹಳೆಯ ಪುಸ್ತಕ ಹಿಡಿದು ಮಕ್ಕಳ ಜೊತೆ ಅಕ್ಷರ ಕೂಡಿಸುತ್ತಾನೆ. ಕಣ್ಣು ಒದ್ದೆಯಾಗದೆ ಓದುವ ಕತೆಯಲ್ಲ. ದೂರದ ಊರಿನಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುವ ನಮ್ಮಂಥವರಿಗಂತೂ ಇದು ನಮ್ಮ ಮೇಲೆಯೇ ಬರೆದ ಕತೆಯೇನೋ ಅನ್ನಿಸುತ್ತದೆ.

ಮಗನ ನೋಟುಬುಕ್ಕಿನಲ್ಲಿ ಈ ಕತೆಗೆ ಏಳು 'ವ್ಯಾಲ್ಯೂ ಪಾಯಿಂಟು'ಗಳಿದ್ದವು. ಭಾಷಾಭಿಮಾನ, ದೇಶಪ್ರೇಮ, ಕಾಲದ ಬೆಲೆ, ಗುರುಭಕ್ತಿ ಇತ್ಯಾದಿ. ಉತ್ತರದಲ್ಲಿ ಈ ಪಾಯಿಂಟುಗಳು ಕಂಡರೆ ಅಂಕ, ಕಾಣದಿದ್ದರೆ ಇಲ್ಲ. ಅವನ್ನು ಅವನು ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ಮೆಟ್ರೋದಲ್ಲಿ ಬಾಯಿಪಾಠ ಮಾಡಿದ್ದ.

ಅಣ್ಣನ ಮಗಳು ಈ ಕತೆಯನ್ನು ಹಿಂದೆ ಓದಿರಲಿಲ್ಲ. ಪುಸ್ತಕ ಇಸಿದುಕೊಂಡು, ಪೆನ್ಸಿಲಿನಿಂದ ಅಂಚಿನಲ್ಲಿ ಗುರುತು ಹಾಕುತ್ತ ಅರ್ಧ ಗಂಟೆ ಓದಿದಳು. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ: "ಇವರೆಲ್ಲರ ಹೆಸರು ಜರ್ಮನ್ ಯಾಕೆ?"

ನಾವು ಪತ್ರಿಕೆ ಕೆಳಗಿಟ್ಟೆವು. ಹೌದಲ್ಲ! ಹುಡುಗ ಫ್ರಾಂಟ್ಸ್, ಮುದುಕ ಹೌಸರ್, ನೋಟೀಸ್ ಬೋರ್ಡಿನ ಬಳಿ ನಿಂತ ಕಮ್ಮಾರ ವಾಖ್ಟರ್. ಎಲ್ಲವೂ ಜರ್ಮನ್ ಹೆಸರುಗಳು. ಅವಳು ಇನ್ನೂ ಎರಡು ಜಾಗ ತೋರಿಸಿದಳು. ಹುಡುಗನಿಗೆ ಅವನ ಸ್ವಂತ ಭಾಷೆಯೆನ್ನಲಾದ ಫ್ರೆಂಚ್ ಬರೆಯಲು ಬಾರದು. ಕೃದಂತದ ನಿಯಮ ಕೇಳಿದರೆ ಮೊದಲ ಮಾತಿಗೇ ತಡವರಿಸುತ್ತಾನೆ. ಊರ ಮುದುಕ ಆ ಭಾಷೆಯ ಕಾಗುಣಿತದಲ್ಲೇ ಇದ್ದಾನೆ. ಹಾಗಿದ್ದರೆ ಈ ಊರಿನವರು ಮನೆಯಲ್ಲಿ ಆಡುತ್ತಿದ್ದ ಮಾತು ಯಾವುದು? ಕತೆ ಎಲ್ಲಿಯೂ ಹೇಳುವುದಿಲ್ಲ. ಹೇಳದಿರುವುದರಲ್ಲೇ ಏನೋ ಇದೆ ಎಂದಳು.

ನಮ್ಮ ಮಗನಿಗೆ ಸಿಟ್ಟು ಬಂತು. ಇದು ಯಾವ ಪಾಯಿಂಟಿನಲ್ಲೂ ಬರುವುದಿಲ್ಲ ಎಂದ.

ನಾವು ನಮ್ಮ ಕೈಲಾದಷ್ಟು ಹುಡುಕಿ ನೋಡಿದೆವು. ಹುಡುಗಿಯ ಅನುಮಾನ ಸರಿಯಾಗಿಯೇ ಇತ್ತು. ಅಲ್ಸೇಸಿನ ಹಳ್ಳಿಗಳಲ್ಲಿ ಬಹುಪಾಲು ಜನ ಮನೆಯಲ್ಲಿ ಆಡುತ್ತಿದ್ದುದು ಜರ್ಮನ್ ಬಳಗಕ್ಕೆ ಸೇರಿದ ಅಲ್ಸೇಷಿಯನ್ ನುಡಿಯನ್ನು. ಫ್ರೆಂಚ್ ಅವರಿಗೆ ಶಾಲೆಯ ಭಾಷೆ, ಸರಕಾರದ ಭಾಷೆ. ಹಾಮೆಲ್ ಮೇಷ್ಟರ ಕೊನೆಯ ಪಾಠ ಮಕ್ಕಳ ತಾಯ್ನುಡಿಯ ಕೊನೆಯ ಪಾಠವಲ್ಲ; ಒಂದು ರಾಜಭಾಷೆ ಹೋಗಿ ಇನ್ನೊಂದು ರಾಜಭಾಷೆ ಬರುವ ಹೊತ್ತಿನ ಪಾಠ. ೧೯೧೮ರಲ್ಲಿ ಅಲ್ಸೇಸ್ ಮತ್ತೆ ಫ್ರಾನ್ಸಿಗೆ ಸೇರಿತು. ಶಾಲೆಯ ಭಾಷೆ ಮತ್ತೆ ಫ್ರೆಂಚ್ ಆಯಿತು. ಮನೆಯ ನುಡಿಗೆ ಎರಡು ಸಲವೂ ತರಗತಿಯಲ್ಲಿ ಮರ್ಯಾದೆಯ ಜಾಗ ಸಿಗಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ತನ್ನ ಭಾಷೆಯನ್ನು ಬಿಡದ ಜನಕ್ಕೆ ಸೆರೆಮನೆಯ ಬೀಗದ ಕೈ ತನ್ನಲ್ಲೇ ಇದ್ದ ಹಾಗೆ ಎಂಬ ಭಾವದ ಮಾತು ಕತೆಯಲ್ಲಿ ಮೇಷ್ಟರ ಬಾಯಲ್ಲಿ ಬರುತ್ತದೆ. ಮಗನ ನೋಟುಬುಕ್ಕಿನಲ್ಲಿ ಇದಕ್ಕೆ ಕೆಂಪು ಗೆರೆ ಬಿದ್ದಿತ್ತು. ಈ ಹೋಲಿಕೆ ದೋದೆಯ ಸ್ವಂತದ್ದಲ್ಲ. ಅವನ ಗೆಳೆಯನಾದ ಮಿಸ್ತ್ರಾಲ್ ಕವಿಯದು, ದೋದೆಯೇ ಮೂಲದ ಅಡಿಟಿಪ್ಪಣಿಯಲ್ಲಿ ಅದನ್ನು ಸೂಚಿಸಿದ್ದಾನೆ. ಮಿಸ್ತ್ರಾಲ್ ೧೯೦೪ರಲ್ಲಿ ನೊಬೆಲ್ ಬಹುಮಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡವನು. ಅವನು ಬರೆದದ್ದು ಫ್ರೆಂಚಿನಲ್ಲಲ್ಲ, ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯಲ್ಲಿ. ಆ ನುಡಿಯನ್ನು ತರಗತಿಯಿಂದ ಹೊರಗಿಟ್ಟದ್ದು ಇದೇ ಫ್ರೆಂಚ್ ಶಾಲೆ! ಫ್ರೆಂಚಿನ ಎದುರು ತನ್ನ ನುಡಿಯನ್ನು ಕಾಪಾಡಲು ಹೊರಟ ಕವಿಯ ಮಾತನ್ನು ಎತ್ತಿ ಫ್ರೆಂಚಿನ ರಕ್ಷಣೆಗೆ ನಿಲ್ಲಿಸಿದಂತಾಯಿತು. ದೋದೆ ಸ್ವತಃ ದಕ್ಷಿಣದ ನೀಮ್ ಊರಿನವನು. ಇದು ಅವನಿಗೆ ಹೊಳೆಯಲಿಲ್ಲವೆಂದರೆ ನಂಬುವುದು ಕಷ್ಟ. ಯುದ್ಧ ಸೋತ ದುಃಖದಲ್ಲಿದ್ದ ದೇಶಕ್ಕೆ ೧೮೭೦ರ ದಶಕದ ಆರಂಭದಲ್ಲಿ ಬರೆದ ಕತೆ ಅದು. ಆ ದುಃಖ ನಿಜ, ಕತೆಯ ಕೌಶಲವೂ ನಿಜ. ಆದರೆ ಅದನ್ನು ತಾಯ್ನುಡಿಯ ಕತೆಯೆಂದು ನಾವು ಓದಿಕೊಂಡದ್ದು ನಮ್ಮ ಭಾವುಕತೆ.

ಇಷ್ಟಾದ ಮೇಲೂ ಕತೆ ಕೆಟ್ಟಿತೇ? ನಮಗೆ ಹಾಗೆ ಅನ್ನಿಸಲಿಲ್ಲ. ಮತ್ತೆ ಓದಿದಾಗ ಕಂಡದ್ದು ಮೇಷ್ಟರ ತಪ್ಪೊಪ್ಪಿಗೆ. ಪಾಠದ ಹೊತ್ತಿನಲ್ಲಿ ಹುಡುಗರನ್ನು ತಮ್ಮ ಹೂಗಿಡಗಳಿಗೆ ನೀರು ಹಾಕಲು ಕಳಿಸಿದ್ದು, ಮೀನು ಹಿಡಿಯಲು ಹೋಗಬೇಕೆನಿಸಿದಾಗ ರಜೆ ಕೊಟ್ಟದ್ದು ಎಲ್ಲವನ್ನೂ ಅವರು ಹೇಳಿಕೊಳ್ಳುತ್ತಾರೆ. ತಾಯಿತಂದೆಗಳು ಮಕ್ಕಳನ್ನು ಶಾಲೆಗಿಂತ ಹೊಲಕ್ಕೋ ಗಿರಣಿಗೋ ಕಳಿಸಲು ಇಷ್ಟಪಟ್ಟರು ಎನ್ನುತ್ತಾರೆ. ಅಪ್ಪಣೆ ಬರ್ಲಿನ್‌ನಿಂದ ಬಂದದ್ದು ಕೊನೆಗೆ. ಪಾಠ ತಪ್ಪಿದ್ದು ಅದಕ್ಕಿಂತ ಮೊದಲೇ. ಈ ಭಾಗಕ್ಕೆ ಯಾರೂ ವ್ಯಾಲ್ಯೂ ಪಾಯಿಂಟು ಕೊಟ್ಟಿರಲಿಲ್ಲ. ಸಂಘದ ಭಾನುವಾರದ ಕನ್ನಡ ತರಗತಿಗೆ ಈಜಿನ ಕ್ಲಾಸು, ಮದುವೆ, ಮಳೆ ಎಂದು ಮಗನನ್ನು ತಪ್ಪಿಸಿದ ದಿನಗಳನ್ನು ನಾವು ಎಣಿಸಿಕೊಂಡೆವು.

ಹೀಗೆ ಹೆಸರು, ತಡವರಿಕೆ, ಮೌನಗಳನ್ನು ಹಿಡಿದು ಓದುವ ಕ್ರಮ ಅಮೆರಿಕದಲ್ಲಿ ಹುಟ್ಟಿದ್ದೇನೂ ಅಲ್ಲ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಕವಿಯ ಹೆಸರನ್ನು ಮುಚ್ಚಿಟ್ಟು ವಿದ್ಯಾರ್ಥಿಗಳಿಗೆ ಪದ್ಯ ಹಂಚಿ ಅಭಿಪ್ರಾಯ ಬರೆಸಿದರು. ಅದರ ಫಲಿತಾಂಶವನ್ನು ೧೯೨೯ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಎಂಬ ಪುಸ್ತಕವಾಗಿ ಪ್ರಕಟಿಸಿದರು. ದೊಡ್ಡ ಕವಿಗಳ ಪದ್ಯವನ್ನು ಹಳಿದವರೂ ಇದ್ದರು, ಅಗ್ಗದ ಪದ್ಯವನ್ನು ಹೊಗಳಿದವರೂ ಇದ್ದರು. ಅಲ್ಲಿಂದ ಈ ಕ್ರಮ ಅಮೆರಿಕದ ಕಾಲೇಜುಗಳಿಗೆ ಹಬ್ಬಿತು, ಹೈಸ್ಕೂಲಿಗೂ ಇಳಿಯಿತು.

ರಸಾಯನಶಾಸ್ತ್ರ ಓದಿದ ನಮಗೆ ಇದು ಚಿರಪರಿಚಿತ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಒಂದು ಚಿಟಿಕೆ ಲವಣ ಕೊಡುತ್ತಿದ್ದರು. ಬಣ್ಣ ನೋಡು, ಜ್ವಾಲೆಗೆ ಹಿಡಿ, ಆಮ್ಲ ಹಾಕು. ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ಮೂರು ಕಲಮುಗಳಲ್ಲಿ ಬರೆ. ಪದ್ಯವೂ ಹಾಗೆಯೇ ಒಂದು ಹೆಸರಿಲ್ಲದ ಪೊಟ್ಟಣ. ಆದರೆ ನಮ್ಮಲ್ಲಿ ಕೆಲವರು ಅಟೆಂಡರಿಗೆ ಚಹಾ ಕುಡಿಸಿ ಲವಣದ ಹೆಸರನ್ನು ಮೊದಲೇ ತಿಳಿದು, ವೀಕ್ಷಣೆಯನ್ನು ಹಿಂದಿನಿಂದ ಮುಂದಕ್ಕೆ ತುಂಬುತ್ತಿದ್ದೆವು. ಕಾಣದ ಹಸಿರು ಜ್ವಾಲೆಯೂ ಕಾಗದದ ಮೇಲೆ ಉರಿಯುತ್ತಿತ್ತು. ಸಾಹಿತ್ಯದ ತರಗತಿಯಲ್ಲಿಯೂ ಈ ಕಳ್ಳತನ ಉಂಟೆಂದು ಅಣ್ಣನ ಮಗಳು ನಕ್ಕು ಒಪ್ಪಿಕೊಂಡಳು. ಪದ್ಯ ಕೈಗೆ ಬಂದ ಕೂಡಲೇ ಸಾವು, ಕಾಲ, ಒಂಟಿತನ ಎಂದು ಒಂದು ವಿಷಯವನ್ನು ಊಹಿಸಿ, ಅದಕ್ಕೆ ಹೊಂದುವ ರೂಪಕ ಪ್ರತಿಮೆಗಳನ್ನು ಹೆಕ್ಕಿ ಕೂರಿಸುವವರು ಬಹಳವಂತೆ. ನಲವತ್ತು ನಿಮಿಷಕ್ಕೆ ಒಂದು ಪ್ರಬಂಧ ಮುಗಿಯಬೇಕಾದರೆ ಇನ್ನೇನು ಮಾಡಿಯಾರು? ಆ ತರಗತಿಯ ದೊಡ್ಡ ಕುಂದು ಇದೇ. ನಿಧಾನವಾಗಿ ಓದುವುದನ್ನು ವರ್ಷವಿಡೀ ಕಲಿಸಿ ಕೊನೆಗೆ ಗಡಿಯಾರದ ಮುಂದೆ ಓಡಿಸುತ್ತಾರೆ.

ಇನ್ನೊಂದು ಕುಂದು ದೋದೆಯ ಕತೆಯಲ್ಲೇ ನಮಗೆ ಕಂಡದ್ದು. ಹೆಸರುಗಳ ಸಂಶಯ ಹುಡುಗಿಗೆ ಕತೆಯೊಳಗಿಂದ ಬಂತು. ಆದರೆ ಅಲ್ಸೇಸಿನ ಮನೆಮಾತು ಯಾವುದು, ಮಿಸ್ತ್ರಾಲ್ ಯಾವ ನುಡಿಯವನು ಎಂಬುದನ್ನು ಕತೆಯನ್ನು ಎಷ್ಟು ಸಲ ತಿರುವಿಹಾಕಿದರೂ ತಿಳಿಯಲಾಗದು. ಅದಕ್ಕೆ ಹೊರಗಿನ ಚರಿತ್ರೆ ಬೇಕು. ಕೃತಿಯ ಹೊರಗೆ ಕಾಲಿಡಬೇಡ ಎಂಬ ಶಿಸ್ತು ಅರ್ಧ ದಾರಿಯವರೆಗೆ ಕರೆದೊಯ್ದು ಬಾಗಿಲಲ್ಲಿ ನಿಲ್ಲಿಸುತ್ತದೆ. ಆದರೂ ಬಾಗಿಲ ತನಕವಾದರೂ ಬಂದವಳು ಅವಳು. ಈ ಪಾಠವನ್ನು ಒಂದು ವರ್ಷ ಓದಿದ ನಮ್ಮ ಮಗನೂ, ಅದನ್ನು ಅವನ ಬಾಯಲ್ಲಿ ಹತ್ತು ಸಲ ಕೇಳಿದ ನಾವೂ ಅಂಗಳಕ್ಕೇ ಇಳಿದಿರಲಿಲ್ಲ.

ಕನ್ನಡಕ್ಕೂ ಇಂಗ್ಲಿಷ್ ತರಗತಿಗೂ ಇರುವ ನಂಟು ಸಣ್ಣದಲ್ಲ. ಬಿ.ಎಂ.ಶ್ರೀ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರು. ೧೯೨೬ರ 'ಇಂಗ್ಲಿಷ್ ಗೀತಗಳು' ಆ ತರಗತಿಯ ಫಲವೇ. ಗೋಕಾಕ, ಅಡಿಗ, ಲಂಕೇಶ, ಅನಂತಮೂರ್ತಿ, ಇವರೆಲ್ಲ ಹೊಟ್ಟೆಪಾಡಿಗೆ ಇಂಗ್ಲಿಷ್ ಹೇಳಿಕೊಟ್ಟವರು. ಕೃತಿನಿಷ್ಠ ವಿಮರ್ಶೆ ಎಂದು ನವ್ಯರು ಹೇಳುತ್ತಿದ್ದುದು ಇದನ್ನೇ. ಅದಕ್ಕೂ ಹಿಂದಿನದು ನಮ್ಮ ಗಮಕ. ಗಮಕಿ ಕುಮಾರವ್ಯಾಸನ ಒಂದು ಷಟ್ಪದಿ ಹಾಡಿ ನಿಲ್ಲಿಸಿದರೆ ವ್ಯಾಖ್ಯಾನಕಾರರು ಒಂದು ವಿಶೇಷಣವನ್ನು ಹಿಡಿದು, ಈ ಜಾಗದಲ್ಲಿ ಕವಿ ಈ ಮಾತನ್ನೇ ಏಕೆ ಇಟ್ಟ ಎಂದು ಕಾಲು ಗಂಟೆ ಬಿಡಿಸುತ್ತಿದ್ದರು. ನಮ್ಮ ಊರಿನ ದೇವಸ್ಥಾನದ ಜಗಲಿಯ ಮೇಲೆ ಓದುಬರೆಹ ಬಾರದ ಮುದುಕಿಯರೂ ಅದಕ್ಕೆ ತಲೆದೂಗುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇವೆ. ಹೋದ ಸಲ ಸಂಘದಲ್ಲಿ ಗಮಕ ಇಟ್ಟಾಗ ವ್ಯಾಖ್ಯಾನ ಬೇಗ ಮುಗಿಯಲಿ, ಊಟ ತಣ್ಣಗಾಗುತ್ತದೆ ಎಂದು ಚೀಟಿ ಕಳಿಸಿದವರಲ್ಲಿ ನಾವೂ ಒಬ್ಬರು.

ಹೊರಡುವ ಮುನ್ನ ಅಣ್ಣನ ಮಗಳು ಕೇಳಿದಳು: ಚಿಕ್ಕಪ್ಪಾ, ಆ ಮೂರನೆಯ ಪ್ರಬಂಧಕ್ಕೆ ನಾನೊಂದು ಕನ್ನಡ ಕೃತಿ ತೆಗೆದುಕೊಳ್ಳಬಹುದಿತ್ತೇ? ನಾವು ಥಟ್ಟನೆ 'ತುಘಲಕ್' ಎಂದೆವು. ಅದರಲ್ಲೇನಿದೆ ಎಂದಳು. ನೆಹರೂ ಯುಗದ ಭ್ರಮನಿರಸನ ಎಂದೆವು. ನಾಟಕದ ಯಾವ ಮಾತಿನಲ್ಲಿ ಅದು ಕಾಣುತ್ತದೆ ಎಂದು ಅವಳು ಕೇಳಿದಾಗ ಉತ್ತರವಿರಲಿಲ್ಲ. ಅದು ನಮ್ಮ ವ್ಯಾಲ್ಯೂ ಪಾಯಿಂಟು; ಯಾರೋ ಹೇಳಿದ್ದು, ನಾವು ಹೊತ್ತು ತಿರುಗಿದ್ದು. ರಾಜಧಾನಿ ವರ್ಗಾವಣೆಯ ಸುದ್ದಿ ಬಂದರೆ ಕೇಂದ್ರ ಸರಕಾರದ ನೌಕರನಿಗೆ ನಾಟಕದ ಅರ್ಥ ತಾನೇ ಹೊಳೆಯುತ್ತದೆಂದು ತಮಾಷೆ ಮಾಡಿ ತಪ್ಪಿಸಿಕೊಂಡೆವು.

ಅವಳು ಹೋದ ಮೇಲೆ ಸಂಘದ ಗ್ರಂಥಾಲಯದಿಂದ ಕಾರ್ನಾಡರ ಆ ೧೯೬೪ರ ನಾಟಕವನ್ನು ತಂದು, ಕಚೇರಿಯ ಕಡತಕ್ಕೆ ಹಾಕುವಂತೆ ಪುಟಕ್ಕೆ ಚೀಟಿ ಅಂಟಿಸುತ್ತ ಓದಿದೆವು. ಪ್ರಾರ್ಥನೆ ಎಂಬ ಒಂದೇ ಎಳೆ ಹಿಡಿದೆವು. ಸುಲ್ತಾನ ಪ್ರಾರ್ಥನೆಯನ್ನು ಕಡ್ಡಾಯ ಮಾಡುತ್ತಾನೆ. ಅದೇ ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಕೊಲ್ಲುವ ಸಂಚು ನಡೆಯುತ್ತದೆ. ಆಮೇಲೆ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಮತ್ತೆ ಅದನ್ನು ಆರಂಭಿಸುವುದು ಖಲೀಫರ ವಂಶದವನೆಂದು ಬಂದ ಅತಿಥಿಯ ಸ್ವಾಗತಕ್ಕಾಗಿ. ಆ ಅತಿಥಿಯಾದರೋ ವೇಷ ಹಾಕಿದ ಅಗಸ ಅಜೀಜ್. ಕೊನೆಯಲ್ಲಿ ಪ್ರಾರ್ಥನೆಯ ಕರೆ ಕೇಳಿಬರುವಾಗ, ನಿದ್ದೆಯಿಲ್ಲದೆ ನರಳಿದ ಸುಲ್ತಾನ ಕುಳಿತಲ್ಲೇ ನಿದ್ದೆ ಹೋಗಿದ್ದಾನೆ. ಇಷ್ಟು ಕಾಣಲು ನಮಗೆ ನೆಹರೂ ಬೇಕಾಗಲಿಲ್ಲ. ಇಪ್ಪತ್ತು ವರ್ಷ ಹೊಗಳಿದ ನಾಟಕವನ್ನು ನಾವು ಓದಿದ್ದು ಆ ಜುಲೈ ತಿಂಗಳಲ್ಲೇ ಎನ್ನಬೇಕು.

ಅದೇ ಬಿಸಿಯಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆದು ನಾವು ಬರೆದ ಪುಸ್ತಕ ಪರಿಚಯಗಳನ್ನು ನೋಡಿದೆವು. ಒಂದೇ ಪುಟದಲ್ಲಿ ಮನಮುಟ್ಟುವ, ಹೃದಯಂಗಮ, ಮನೋಜ್ಞ, ಮತ್ತೆ ಮನಮುಟ್ಟುವ. ಕಚೇರಿಯಲ್ಲಿ ಇಂಥ ಟಿಪ್ಪಣಿ ಬರೆದಿದ್ದರೆ, ಯಾವ ನಿಯಮದ ಮೇರೆಗೆ, ಯಾವ ಪುಟದಲ್ಲಿ ಎಂದು ಮೇಲಧಿಕಾರಿ ಕಡತವನ್ನು ಹಿಂದಕ್ಕೆ ಕಳಿಸುತ್ತಿದ್ದರು. ಗುಮಾಸ್ತಗಿರಿಯಲ್ಲಿ ಕಲಿತ ಶಿಸ್ತನ್ನು ಸಾಹಿತ್ಯಕ್ಕೆ ಬಂದಾಗ ಚಪ್ಪಲಿಯ ಜೊತೆ ಹೊರಗೆ ಬಿಟ್ಟುಬರುತ್ತಿದ್ದೆವು.

ಸೆಪ್ಟೆಂಬರಿನ ಶಾಲೆಯ ಪರೀಕ್ಷೆಯಲ್ಲಿ 'ಕೊನೆಯ ಪಾಠ'ದ ಮೇಲೆ ಐದು ಅಂಕದ ಪ್ರಶ್ನೆ ಬಂತು. ನಮ್ಮ ಮಗ ನಾಲ್ಕು ಪಾಯಿಂಟು ಬರೆದು, ಅದರ ಕೆಳಗೆ ಜರ್ಮನ್ ಹೆಸರುಗಳ ಸಂಗತಿಯನ್ನೂ ಒಂದು ಪ್ಯಾರಾ ಬರೆದಿದ್ದ. ಆ ಪ್ಯಾರಾದ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿತ್ತು, ಐದಕ್ಕೆ ಮೂರು. ಅವನ ತಾಯಿ ನಮ್ಮನ್ನು ದುರುಗುಟ್ಟಿ ನೋಡಿದರು. ಬೋರ್ಡ್ ಪರೀಕ್ಷೆಯಲ್ಲಿ ಇಂಥದ್ದೇನೂ ಬರೆಯಬೇಡ ಎಂದು ಅವನಿಗೆ ಹೇಳಬೇಕೋ ಬೇಡವೋ ಎಂಬುದು ಈಗಲೂ ನಮ್ಮ ಮನೆಯಲ್ಲಿ ತೀರ್ಮಾನವಾಗಿಲ್ಲ. ಉತ್ತರಪತ್ರಿಕೆಯನ್ನು ಮಡಿಸಿಡುತ್ತ ಮಗ ಕೇಳಿದ, ಆ ಫ್ರಾಂಟ್ಸ್ ಸಂಜೆ ಮನೆಗೆ ಹೋಗಿ ನಡೆದದ್ದನ್ನು ತಾಯಿಗೆ ಯಾವ ಭಾಷೆಯಲ್ಲಿ ಹೇಳಿರಬಹುದು ಎಂದು. ಕೇಳಿದ್ದು ಹಿಂದಿಯಲ್ಲಿ. ನಾವು ಕನ್ನಡದಲ್ಲಿ ಉತ್ತರ ಹೇಳಿದೆವು, ಅವನಿಗೆ ಅರ್ಥವಾಯಿತು.